‘ಈ ದೇಶಕ್ಕೆ ಒಬ್ಬ ಹಿಟ್ಲರ್ ಬೇಕು’ ಎನ್ನುವ ವಿದ್ಯಾರ್ಥಿಗಳಿಗೆ



ರಸ್ತೆ ಹದಗೆಟ್ಟಾಗ, ಸರ್ಕಾರಿ ಕಚೇರಿಯಲ್ಲಿ ಕಡತ ಅಲುಗಾಡದಾಗ, ಗೆದ್ದ ಶಾಸಕರು ರಾತ್ರೋರಾತ್ರಿ ಪಕ್ಷ ಬದಲಿಸಿದಾಗ ನಮ್ಮಲ್ಲಿ ಒಂದು ಮಾತು ತಾನಾಗಿ ಬಾಯಿಗೆ ಬರುತ್ತದೆ: ‘ಈ ದೇಶಕ್ಕೆ ಒಬ್ಬ ಹಿಟ್ಲರ್ ಬೇಕು.’ ಹಿರಿಯರೂ ಆಡುವ ಮಾತೇ ಇದು. ಆದರೂ ಈ ಪತ್ರವನ್ನು ಇಂಜಿನಿಯರಿಂಗ್, ಕಾನೂನು, ವೈದ್ಯಕೀಯ, ಮ್ಯಾನೇಜ್‌ಮೆಂಟ್ ಓದುತ್ತಿರುವ ನಿಮಗೇ ಬರೆಯುತ್ತಿದ್ದೇನೆ. ನಾಳೆ ಕಾರ್ಖಾನೆ, ಕಚೇರಿ, ನ್ಯಾಯಾಲಯ, ಆಸ್ಪತ್ರೆಗಳಲ್ಲಿ ಕೂರುವವರು ನೀವು. ಹಿಟ್ಲರನ ಆಳ್ವಿಕೆ ನಡೆದದ್ದು ಅಂಥ ಕುರ್ಚಿಗಳಲ್ಲಿ ಕೂತವರ ಕೈಯಿಂದ. ಅವನ ‘ಮೈನ್ ಕಾಂಫ್’ ನಮ್ಮ ನಗರಗಳ ಪುಸ್ತಕದಂಗಡಿಗಳಲ್ಲಿ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲಿ ಮಾರಾಟವಾಗುತ್ತದೆ. ಅದನ್ನು ಕೊಳ್ಳುವವರೆಲ್ಲ ದ್ವೇಷ ತುಂಬಿಕೊಂಡವರೆಂದು ನಾನು ತಿಳಿದಿಲ್ಲ. ಅವರ ವಾದ ಸಾಮಾನ್ಯವಾಗಿ ಹೀಗಿರುತ್ತದೆ: ಯಹೂದಿಗಳಿಗೆ ಅವನು ಮಾಡಿದ್ದು ಮಹಾ ತಪ್ಪು, ಒಪ್ಪೋಣ, ಆದರೆ ಆಡಳಿತಗಾರನಾಗಿ ಅವನು ಗಟ್ಟಿಗ, ಕುಸಿದ ದೇಶವನ್ನು ಆರೇ ವರ್ಷದಲ್ಲಿ ಎತ್ತಿ ನಿಲ್ಲಿಸಿದ, ಆ ತಪ್ಪನ್ನು ಬಿಟ್ಟು ಈ ಶಿಸ್ತನ್ನು ಮಾತ್ರ ತೆಗೆದುಕೊಂಡರೆ ಆಯಿತು. ನೋಡಲು ವಿವೇಕದ ಮಾತಿನಂತೆಯೇ ಇದೆ. ಆದರೆ 1933ರಿಂದ 1945ರವರೆಗಿನ ದಾಖಲೆಗಳನ್ನು ತೆರೆದರೆ ಇವೆರಡನ್ನು ಬೇರ್ಪಡಿಸಲು ಆಗುವುದಿಲ್ಲ. ಯಾವುದನ್ನು ನೀವು ಆಡಳಿತ ಎನ್ನುತ್ತೀರೋ ಅದೂ, ಯಾವುದನ್ನು ತಪ್ಪು ಎನ್ನುತ್ತೀರೋ ಅದೂ ಒಂದೇ ಮೇಜಿನ ಮೇಲೆ, ಒಂದೇ ಕಡತದಲ್ಲಿ, ಒಂದೇ ಖಜಾನೆಯ ಲೆಕ್ಕದಲ್ಲಿ ನಡೆದವು. ಈ ಒಂದು ಮಾತನ್ನು ನಿಮ್ಮ ಮುಂದೆ ಸಾಬೀತು ಮಾಡುವುದಷ್ಟೇ ಈ ಪತ್ರದ ಕೆಲಸ.

ಯಹೂದಿಗಳ ವಿಷಯ ಎಂದೊಡನೆ ನಮ್ಮ ಮನಸ್ಸು ನೇರವಾಗಿ ಆಶ್‌ವಿಟ್ಸ್‌ನ ಮುಳ್ಳುತಂತಿಗೆ ಹೋಗುತ್ತದೆ. ಹಾಗಾಗಿ ಅದೆಲ್ಲ ಯುದ್ಧದ ಕೊನೆಗೆ ತಲೆಕೆಟ್ಟವನೊಬ್ಬ ಮಾಡಿದ ಅನಾಹುತದಂತೆ ತೋರುತ್ತದೆ. ತಾರೀಖುಗಳನ್ನು ನೋಡಿ. ಹಿಟ್ಲರ್ ಚಾನ್ಸಲರ್ ಆದದ್ದು 1933ರ ಜನವರಿ 30ರಂದು. ಏಪ್ರಿಲ್ 1ರಂದು ದೇಶದಾದ್ಯಂತ ಯಹೂದಿಗಳ ಅಂಗಡಿಗಳಿಗೆ ಬಹಿಷ್ಕಾರ. ಏಪ್ರಿಲ್ 7ರಂದು ಸರ್ಕಾರಿ ನೌಕರಿಯನ್ನು ‘ಪುನಃಸ್ಥಾಪಿಸುವ’ ಕಾನೂನು. ಅದರ ಮೂಲಕ ‘ಆರ್ಯರಲ್ಲದ’ ನೌಕರರನ್ನು, ಶಿಕ್ಷಕರನ್ನು, ನ್ಯಾಯಾಧೀಶರನ್ನು, ಪ್ರಾಧ್ಯಾಪಕರನ್ನು ಮನೆಗೆ ಕಳಿಸಲಾಯಿತು. ಅದೇ ತಿಂಗಳ 25ರಂದು ಶಾಲೆ ಕಾಲೇಜುಗಳ ಹೊಸ ಪ್ರವೇಶದಲ್ಲಿ ಯಹೂದಿಗಳಿಗೆ ಶೇಕಡಾ 1.5ರ ಮಿತಿ. ಅಧಿಕಾರಕ್ಕೆ ಬಂದು ಮೂರು ತಿಂಗಳೂ ತುಂಬಿರಲಿಲ್ಲ, ಯುದ್ಧಕ್ಕೆ ಇನ್ನೂ ಆರು ವರ್ಷವಿತ್ತು. ನಿರುದ್ಯೋಗ ನಿವಾರಣೆಯ ದೊಡ್ಡ ಯೋಜನೆಗಳಿಗಿಂತ ಮೊದಲು ಈ ಸರ್ಕಾರ ಕೈಹಾಕಿದ್ದು ಇದಕ್ಕೆ. ಆಗ ಜರ್ಮನಿಯಲ್ಲಿದ್ದ ಯಹೂದಿಗಳ ಸಂಖ್ಯೆ ಸುಮಾರು 5 ಲಕ್ಷ, ಒಟ್ಟು ಜನಸಂಖ್ಯೆಯ ಶೇಕಡಾ 1ಕ್ಕಿಂತ ಕಡಿಮೆ. ‘ಅವರು ದೇಶವನ್ನೇ ನುಂಗಿಹಾಕಿದ್ದರು’ ಎಂಬ ಮಾತನ್ನು ಇಂದಿಗೂ ಕೆಲವರು ಆಡುತ್ತಾರೆ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಸಮವಸ್ತ್ರ ತೊಟ್ಟು ಹೋದ ಯಹೂದಿಗಳು ಸುಮಾರು 1 ಲಕ್ಷ. ಅವರಲ್ಲಿ 12 ಸಾವಿರ ಮಂದಿ ಆ ದೇಶಕ್ಕಾಗಿ ಸತ್ತರು. ರಾಷ್ಟ್ರಾಧ್ಯಕ್ಷ ಹಿಂಡೆನ್‌ಬರ್ಗ್ ಪಟ್ಟುಹಿಡಿದದ್ದರಿಂದ ಮಾಜಿ ಸೈನಿಕರಿಗೆ ನೌಕರಿ ಕಾನೂನಿನಲ್ಲಿ ವಿನಾಯಿತಿ ಸಿಕ್ಕಿತು. 1934ರಲ್ಲಿ ಆತ ತೀರಿಕೊಂಡ. ಮರುವರ್ಷ ಆ ವಿನಾಯಿತಿಯೂ ಹೋಯಿತು.

ಈ ಕಾನೂನುಗಳನ್ನು ಜಾರಿಗೆ ತಂದವರು ಯಾರು? ಕಂದು ಅಂಗಿ ತೊಟ್ಟು ಬೀದಿಯಲ್ಲಿ ಕಿಟಕಿ ಒಡೆದವರ ಚಿತ್ರ ನಮಗೆ ಪರಿಚಿತ. ಆದರೆ ಒಬ್ಬ ಶಾಲಾ ಶಿಕ್ಷಕ ಆರ್ಯನೋ ಅಲ್ಲವೋ ಎಂದು ತೀರ್ಮಾನಿಸಬೇಕಿದ್ದರೆ ಅವನ ಅಜ್ಜ ಅಜ್ಜಿಯರ ಜನನ ಪತ್ರ ಬೇಕು, ಚರ್ಚಿನ ನೋಂದಣಿ ಪುಸ್ತಕ ಬೇಕು, ಭರ್ತಿ ಮಾಡಿದ ನಮೂನೆ ಬೇಕು, ಅದನ್ನು ತಾಳೆ ನೋಡುವ ಗುಮಾಸ್ತ ಬೇಕು, ಸಹಿ ಹಾಕುವ ಮೇಲಧಿಕಾರಿ ಬೇಕು. 1935ರ ಸೆಪ್ಟೆಂಬರ್ 15ರಂದು ನ್ಯೂರೆಂಬರ್ಗ್‌ನಲ್ಲಿ ಹೊರಟ ಕಾನೂನುಗಳು ಯಹೂದಿಗಳ ಪೌರತ್ವವನ್ನು ಕಿತ್ತುಕೊಂಡವು, ಅವರು ಉಳಿದ ಜರ್ಮನ್ನರನ್ನು ಮದುವೆಯಾಗುವುದನ್ನು ನಿಷೇಧಿಸಿದವು. ಆದರೆ ಯಹೂದಿ ಎಂದರೆ ಯಾರು ಎಂಬುದನ್ನು ಬಿಡಿಸಿ ಹೇಳಲು ಎರಡು ತಿಂಗಳು ಕಳೆದು ಮತ್ತೊಂದು ಆದೇಶ ಹೊರಡಬೇಕಾಯಿತು: ಅಜ್ಜ ಅಜ್ಜಿಯರಲ್ಲಿ ಮೂವರೋ ನಾಲ್ವರೋ ಯಹೂದಿಗಳಾಗಿದ್ದರೆ ಮೊಮ್ಮಗ ಯಹೂದಿ, ಅವನು ಯಾವ ಧರ್ಮವನ್ನೇ ಪಾಲಿಸಲಿ. ಜನಾಂಗವನ್ನು ರಕ್ತದಲ್ಲಿ ಕಾಣುತ್ತೇವೆ ಎಂದು ಬೊಗಳೆ ಬಿಟ್ಟವರು ಕೊನೆಗೆ ನೂರು ವರ್ಷ ಹಳೆಯ ಧಾರ್ಮಿಕ ದಾಖಲೆಗಳನ್ನೇ ನೆಚ್ಚಿಕೊಂಡರು, ಏಕೆಂದರೆ ರಕ್ತದಲ್ಲಿ ಕಾಣುವಂಥದ್ದು ಏನೂ ಇರಲಿಲ್ಲ. ಆ ಸುಳ್ಳಿಗೆ ಸರ್ಕಾರಿ ಮೊಹರು ಒತ್ತಿದವರು ಹಳೆಯ ಸರ್ಕಾರದ ಕಾಲದಿಂದಲೂ ಅದೇ ಕುರ್ಚಿಯಲ್ಲಿ ಕೂತಿದ್ದ, ವೇಳೆಗೆ ಸರಿಯಾಗಿ ಕಚೇರಿಗೆ ಬರುತ್ತಿದ್ದ, ಲಂಚ ಮುಟ್ಟದ ನೌಕರರು. ನೀವು ಮೆಚ್ಚುವ ಶಿಸ್ತು ಅವರಲ್ಲಿ ಧಾರಾಳವಾಗಿತ್ತು. ಅದು ಖರ್ಚಾದದ್ದು ಇದಕ್ಕೆ.

ಹೀಗೆ ಹೊರಹಾಕಲ್ಪಟ್ಟವರಲ್ಲಿ ಒಬ್ಬರನ್ನು ಕರ್ನಾಟಕದ ವಿಜ್ಞಾನ ವಿದ್ಯಾರ್ಥಿಗಳು ಅರಿತಿರಲೇಬೇಕು. ಕ್ವಾಂಟಂ ಮೆಕಾನಿಕ್ಸ್ ಕಟ್ಟಿದವರಲ್ಲಿ ಪ್ರಮುಖರಾದ ಮ್ಯಾಕ್ಸ್ ಬಾರ್ನ್ ಗ್ಯೋಟಿಂಗೆನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದರು. ಹುಟ್ಟಿನಿಂದ ಯಹೂದಿ, ನಂಬಿಕೆಯಿಂದ ಲೂಥರನ್ ಕ್ರೈಸ್ತ. 1933ರ ಏಪ್ರಿಲ್‌ನಲ್ಲೇ ಅವರನ್ನು ಹುದ್ದೆಯಿಂದ ಅಮಾನತು ಮಾಡಲಾಯಿತು. ಕೇಂಬ್ರಿಜ್‌ನಲ್ಲಿ ತಾತ್ಕಾಲಿಕ ಆಸರೆ ಪಡೆದ ಬಾರ್ನ್ 1935ರ ಕೊನೆಗೆ ಸಿ.ವಿ. ರಾಮನ್ ಅವರ ಆಹ್ವಾನದ ಮೇರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕೆಲವು ತಿಂಗಳು ಪಾಠ ಮಾಡಿದರು. ಅವರನ್ನು ಇಲ್ಲೇ ಉಳಿಸಿಕೊಳ್ಳಬೇಕೆಂದು ರಾಮನ್ ಬಹಳ ಪ್ರಯತ್ನಪಟ್ಟರು. ಸಂಸ್ಥೆಯೊಳಗಿನ ವಿರೋಧದಿಂದ ಅದು ಕೈಗೂಡಲಿಲ್ಲ, ಬಾರ್ನ್ ಎಡಿನ್‌ಬರೊಗೆ ಹೋದರು. 1954ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ಸಂಬಂಧಿ, ವಾಸ್ತುಶಿಲ್ಪಿ ಆಟೋ ಕೊನಿಗ್ಸ್‌ಬರ್ಗರ್ ಕೂಡ ಅದೇ 1933ರಲ್ಲಿ ಜರ್ಮನಿಯಲ್ಲಿ ಸರ್ಕಾರಿ ಕೆಲಸ ಕಳೆದುಕೊಂಡವರು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1939ರಲ್ಲಿ, ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿ ಬಂದ ಅವರು ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳನ್ನು ರೂಪಿಸಿದರು. ಮುಂದೆ ಭುವನೇಶ್ವರ ನಗರದ ನಕ್ಷೆ ಹಾಕಿದವರೂ ಅವರೇ. ದಕ್ಷ ಆಡಳಿತ ಎಂದರೆ ತನ್ನಲ್ಲಿರುವ ಪ್ರತಿಭೆಯನ್ನು ಚೆನ್ನಾಗಿ ಬಳಸಿಕೊಳ್ಳುವುದು ಎಂದು ನಿಮ್ಮ ಮ್ಯಾನೇಜ್‌ಮೆಂಟ್ ಪಠ್ಯಗಳು ಹೇಳುತ್ತವಲ್ಲವೇ? ಐನ್‌ಸ್ಟೈನ್, ಬಾರ್ನ್, ಜೇಮ್ಸ್ ಫ್ರಾಂಕ್, ಎಮ್ಮಿ ನೋದರ್, ಹಾನ್ಸ್ ಬೇಟೆ, ಹಾನ್ಸ್ ಕ್ರೆಬ್ಸ್, ಕೊನೆಗೆ ಲಿಸೆ ಮೈಟ್ನರ್ ಹೀಗೆ ಒಬ್ಬೊಬ್ಬರನ್ನೇ ಕಳೆದುಕೊಂಡ ಆಡಳಿತವನ್ನು ಯಾವ ಅಳತೆಗೋಲಿನಿಂದ ದಕ್ಷ ಎನ್ನುತ್ತೀರಿ? ಅಣುಬಾಂಬ್ ಸಾಧ್ಯ ಎಂದು 1940ರಲ್ಲಿ ಬ್ರಿಟನ್ನಿಗೆ ಲೆಕ್ಕ ಹಾಕಿ ಕೊಟ್ಟ ಆಟೋ ಫ್ರಿಶ್ ಮತ್ತು ರುಡಾಲ್ಫ್ ಪೈಯರ್ಲ್ಸ್ ಇಬ್ಬರೂ ಹಿಟ್ಲರನ ಜರ್ಮನಿಯಲ್ಲಿ ಜಾಗವಿಲ್ಲದೆ ಹೋದ ಯಹೂದಿಗಳು.

ಈಗ ನಿಮ್ಮ ಅತ್ಯಂತ ಗಟ್ಟಿಯಾದ ವಾದಕ್ಕೆ ಬರುತ್ತೇನೆ. ‘ಅವನು ಕೆಲಸ ಕೊಟ್ಟ, ಹೆದ್ದಾರಿ ಕಟ್ಟಿದ.’ 1933ರ ಆರಂಭದಲ್ಲಿ ಜರ್ಮನಿಯಲ್ಲಿ ಸುಮಾರು 60 ಲಕ್ಷ ನಿರುದ್ಯೋಗಿಗಳಿದ್ದದ್ದೂ, 1938ರ ಹೊತ್ತಿಗೆ ಆ ಸಂಖ್ಯೆ 5 ಲಕ್ಷಕ್ಕಿಂತ ಕೆಳಗಿಳಿದದ್ದೂ ನಿಜ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದು ಹೇಗೆ ಇಳಿಯಿತು ಎಂಬುದನ್ನು ಮಾತ್ರ ಪೂರ್ತಿ ನೋಡೋಣ. ಸಾರ್ವಜನಿಕ ಕಾಮಗಾರಿಗಳ ಮೂಲಕ ಕೆಲಸ ಕೊಡುವ ಯೋಜನೆಗಳನ್ನು ಹಿಟ್ಲರನಿಗಿಂತ ಹಿಂದಿನ ಸರ್ಕಾರಗಳೇ ಶುರುಮಾಡಿದ್ದವು. ಕೊಲೋನ್ ಮತ್ತು ಬಾನ್ ನಡುವಿನ ಹೆದ್ದಾರಿಯನ್ನು ಕೊಲೋನಿನ ಆಗಿನ ಮೇಯರ್ ಅಡೆನಾವರ್ ಉದ್ಘಾಟಿಸಿದ್ದು 1932ರಲ್ಲಿ. ಹೊರಹಾಕಲ್ಪಟ್ಟ ಯಹೂದಿಗಳ ಜಾಗಕ್ಕೆ ಇತರರು ಬಂದರು. ಮದುವೆ ಸಾಲದ ಆಮಿಷ ತೋರಿಸಿ ಹೆಂಗಸರನ್ನು ಕೆಲಸ ಬಿಡಿಸಲಾಯಿತು. 1935ರಿಂದ ಯುವಕರಿಗೆ ಕಡ್ಡಾಯ ಸೈನಿಕ ಸೇವೆ ಬಂತು. ಉಳಿದದ್ದನ್ನು ಶಸ್ತ್ರಾಸ್ತ್ರ ಕಾರ್ಖಾನೆಗಳು ತುಂಬಿದವು: 1938ರ ಹೊತ್ತಿಗೆ ರಾಷ್ಟ್ರೀಯ ವರಮಾನದ ಸುಮಾರು ಐದನೇ ಒಂದು ಪಾಲು ಸೈನ್ಯದ ಸಿದ್ಧತೆಗೆ ಹೋಗುತ್ತಿತ್ತು. ಇದಕ್ಕೆ ಹಣ ಎಲ್ಲಿಂದ? ‘ಮೆಫೊ’ ಎಂಬ ಹೆಸರಿಗಷ್ಟೇ ಇದ್ದ ಕಂಪನಿಯೊಂದರ ಹುಂಡಿಗಳ ಮೂಲಕ ಸುಮಾರು 1200 ಕೋಟಿ ಮಾರ್ಕ್ ಗುಟ್ಟಾಗಿ ಸಾಲ ಎತ್ತಲಾಗಿತ್ತು. ಹೀಗೆ ಮುಂದುವರಿದರೆ ಹಣದುಬ್ಬರ ಗ್ಯಾರಂಟಿ ಎಂದು ಕೇಂದ್ರ ಬ್ಯಾಂಕಿನ ನಿರ್ದೇಶಕರು 1939ರ ಜನವರಿಯಲ್ಲಿ ಬರೆದುಕೊಟ್ಟರು. ಹಿಟ್ಲರ್ ಬ್ಯಾಂಕಿನ ಅಧ್ಯಕ್ಷ ಷಾಖ್ಟ್‌ನನ್ನು ವಜಾ ಮಾಡಿದ. ಇನ್ನು ದುಡಿಯುವವನ ಪಾಡು: 1933ರ ಮೇ 2ರಂದೇ ಕಾರ್ಮಿಕ ಸಂಘಗಳನ್ನು ಮುಚ್ಚಿಸಿ ಅವುಗಳ ಆಸ್ತಿ ಕಿತ್ತುಕೊಳ್ಳಲಾಗಿತ್ತು. ವಾರಕ್ಕೆ 5 ಮಾರ್ಕಿನಂತೆ ಉಳಿಸಿದರೆ ಕಾರು ಸಿಗುತ್ತದೆ ಎಂದು ನಂಬಿಸಿ 3 ಲಕ್ಷಕ್ಕೂ ಹೆಚ್ಚು ಜನರಿಂದ ಹಣ ಕಟ್ಟಿಸಿಕೊಂಡ ಜನತಾ ಕಾರು ಯೋಜನೆಯಲ್ಲಿ ಹಾಗೆ ಕಟ್ಟಿದ ಒಬ್ಬರಿಗೂ ಹಿಟ್ಲರನ ಕಾಲದಲ್ಲಿ ಕಾರು ಸಿಗಲಿಲ್ಲ. ಆ ಕಾರ್ಖಾನೆ ಯುದ್ಧದ ಸಾಮಾನು ತಯಾರಿಸಿತು.

ಆ ಖಜಾನೆಯಲ್ಲಿ ಯಹೂದಿಗಳ ಹಣ ಎಷ್ಟರಮಟ್ಟಿಗೆ ಬೆರೆತಿತ್ತು ಎಂಬುದನ್ನು ನೀವು ಸಾವಧಾನವಾಗಿ ನೋಡಬೇಕು. ನನ್ನ ವಾದದ ಹೃದಯ ಇಲ್ಲಿದೆ. ದೇಶ ಬಿಟ್ಟು ಹೋಗುವವರ ಮೇಲೆ ಶೇಕಡಾ 25ರ ತೆರಿಗೆಯನ್ನು 1931ರಲ್ಲಿ ಹಿಂದಿನ ಸರ್ಕಾರ ತಂದಿತ್ತು. ಶ್ರೀಮಂತರು ಬಂಡವಾಳ ಹೊರಗೆ ಸಾಗಿಸದಿರಲಿ ಎಂಬುದು ಅದರ ಉದ್ದೇಶ. ನಾಜಿಗಳು ಅದರ ಆಸ್ತಿ ಮಿತಿಯನ್ನು ಕೆಳಗಿಳಿಸಿ, ತಾವೇ ಓಡಿಸುತ್ತಿದ್ದ ಯಹೂದಿಗಳಿಂದ ವಸೂಲಿ ಮಾಡತೊಡಗಿದರು. 1932-33ರಲ್ಲಿ ಸುಮಾರು 10 ಲಕ್ಷ ಮಾರ್ಕ್ ಇದ್ದ ಈ ತೆರಿಗೆಯ ಆದಾಯ 1938-39ರಲ್ಲಿ 34 ಕೋಟಿ ದಾಟಿತು. 1938ರ ಏಪ್ರಿಲ್ 26ರಂದು, 5 ಸಾವಿರ ಮಾರ್ಕಿಗಿಂತ ಹೆಚ್ಚು ಆಸ್ತಿಯುಳ್ಳ ಪ್ರತಿಯೊಬ್ಬ ಯಹೂದಿಯೂ ಅದನ್ನು ಪಟ್ಟಿ ಮಾಡಿ ಸಲ್ಲಿಸಬೇಕೆಂದು ಆದೇಶವಾಯಿತು. ಏನನ್ನು, ಎಲ್ಲಿಂದ ಕಸಿಯಬೇಕೆಂಬುದು ಈಗ ಕಾಗದದ ಮೇಲೆ ಸಿದ್ಧ. ಅದೇ ವರ್ಷ ನವೆಂಬರ್ 9 ಮತ್ತು 10ರ ರಾತ್ರಿ ನಾಜಿಗಳು ಯಹೂದಿಗಳ ಸಾವಿರಕ್ಕೂ ಹೆಚ್ಚು ಪ್ರಾರ್ಥನಾ ಮಂದಿರಗಳನ್ನು (ಸಿನಗಾಗ್) ಸುಟ್ಟರು ಇಲ್ಲವೇ ಹಾಳುಗೆಡವಿದರು, ಸುಮಾರು 7500 ಅಂಗಡಿಗಳನ್ನು ಒಡೆದರು, ಸರ್ಕಾರದ ಲೆಕ್ಕದಲ್ಲೇ 91 ಮಂದಿಯನ್ನು ಕೊಂದರು, ಸುಮಾರು 30 ಸಾವಿರ ಗಂಡಸರನ್ನು ದಹಾವ್, ಬೂಕನ್‌ವಾಲ್ಡ್, ಸಾಕ್ಸನ್‌ಹೌಸನ್ ಶಿಬಿರಗಳಿಗೆ ಎಳೆದೊಯ್ದರು. ಎರಡು ದಿನದ ಬಳಿಕ ಹಿಟ್ಲರನ ಆಪ್ತ ಸಚಿವ ಗೋರಿಂಗ್ ಕರೆದ ಸಭೆಯಲ್ಲಿ ತೀರ್ಮಾನವಾದದ್ದು ಇದು: ಹಾನಿಗೆ ಯಹೂದಿಗಳೇ ಹೊಣೆ, ಅವರು 100 ಕೋಟಿ ಮಾರ್ಕ್ ದಂಡ ಕಟ್ಟಬೇಕು, ಒಡೆದ ಅಂಗಡಿಗಳನ್ನು ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡಿಸಬೇಕು, ಅವರಿಗೆ ಬರಬೇಕಾದ ವಿಮಾ ಹಣ ಸರ್ಕಾರಕ್ಕೆ ಸೇರಬೇಕು. ಅದಾಗಿ ಒಂದು ವಾರದೊಳಗೆ, ಖಜಾನೆಯ ಸ್ಥಿತಿ ತೀರಾ ನಾಜೂಕಾಗಿತ್ತೆಂದೂ ಈ ನೂರು ಕೋಟಿ ಆ ಕೊರತೆಗೆ ಒದಗಿಬಂತೆಂದೂ ಗೋರಿಂಗ್ ತನ್ನವರ ಮುಂದೆ ಹೇಳಿಕೊಂಡ. ನೀವು ಮೆಚ್ಚುವ ಆರ್ಥಿಕ ಪವಾಡದ ಜಮಾಖರ್ಚಿನಲ್ಲಿ ಇದೊಂದು ಜಮೆ. ಇದನ್ನು ಅಳಿಸಿ ಉಳಿದದ್ದನ್ನು ಇಟ್ಟುಕೊಳ್ಳುತ್ತೇನೆ ಎಂದರೆ ಆ ಲೆಕ್ಕ ನಿಲ್ಲುವುದಿಲ್ಲ.

ಲೂಟಿ ಅಲ್ಲಿಗೂ ನಿಲ್ಲಲಿಲ್ಲ. 1941ರ ನವೆಂಬರ್ 25ರಂದು ಹೊರಟ ಆದೇಶದ ಪ್ರಕಾರ ದೇಶದ ಗಡಿ ದಾಟಿದ ಯಹೂದಿ ತನ್ನ ರಾಷ್ಟ್ರೀಯತೆಯನ್ನು ಕಳೆದುಕೊಳ್ಳುತ್ತಿದ್ದ, ಅವನ ಆಸ್ತಿ ತಾನಾಗಿ ಸರ್ಕಾರದ್ದಾಗುತ್ತಿತ್ತು. ಆ ಹೊತ್ತಿಗೆ ಗಡಿ ದಾಟುತ್ತಿದ್ದವರು ಯಾರು? ಸರ್ಕಾರವೇ ಹಿಡಿದು ಪೂರ್ವದ ಕಡೆಗೆ ರೈಲಿನಲ್ಲಿ ಸಾಗಿಸುತ್ತಿದ್ದ ಜನ. ಕೊಲ್ಲಲು ಕರೆದೊಯ್ಯುವ ಪ್ರಯಾಣವನ್ನೇ ಆಸ್ತಿ ಮುಟ್ಟುಗೋಲಿಗೆ ಕಾನೂನಿನ ಕಾರಣವಾಗಿ ಮಾಡಿದ ವಕೀಲರು ಬರ್ಲಿನ್ನಿನ ಸಚಿವಾಲಯಗಳಲ್ಲಿದ್ದರು. ತೆರಿಗೆ ಇಲಾಖೆಯವರು ಖಾಲಿಯಾದ ಮನೆಗಳಿಗೆ ಹೋಗಿ ಚಮಚ, ಹಾಸಿಗೆ, ಪರದೆಗಳನ್ನು ಎಣಿಸಿ ಬರೆದುಕೊಂಡರು. ಹ್ಯಾಂಬರ್ಗ್‌ನಂಥ ನಗರಗಳಲ್ಲಿ ಆ ಸಾಮಾನುಗಳು ಬಹಿರಂಗ ಹರಾಜಾದವು, ಸಾವಿರಾರು ಸಾಮಾನ್ಯ ಸಂಸಾರಗಳು ಕೊಂಡುಕೊಂಡವು. ರೈಲ್ವೆ ಇಲಾಖೆ ಈ ಸಾಗಣೆಗೆ ಮೂರನೇ ದರ್ಜೆಯ ದರದಲ್ಲಿ ಟಿಕೆಟ್ ಲೆಕ್ಕ ಹಾಕಿತು: 10 ವರ್ಷದೊಳಗಿನ ಮಕ್ಕಳಿಗೆ ಅರ್ಧ, 4 ವರ್ಷದೊಳಗಿನವರಿಗೆ ಉಚಿತ, 400ಕ್ಕೂ ಹೆಚ್ಚು ಜನರಿದ್ದರೆ ಗುಂಪು ರಿಯಾಯಿತಿ. ಕಾವಲುಗಾರರಿಗೆ ಹೋಗಿ ಬರುವ ಟಿಕೆಟ್, ಉಳಿದವರಿಗೆ ಹೋಗುವ ಟಿಕೆಟ್ ಮಾತ್ರ. ಹಿಟ್ಲರನ ರೈಲುಗಳು ಸಮಯಕ್ಕೆ ಸರಿಯಾಗಿ ಓಡುತ್ತಿದ್ದವು ಎಂದು ಯಾರಾದರೂ ನಿಮ್ಮೆದುರು ಹೊಗಳಿದರೆ ದಯವಿಟ್ಟು ಈ ದರಪಟ್ಟಿಯನ್ನು ಅವರಿಗೆ ತಿಳಿಸಿ.

ನಿಮ್ಮ ನಿಮ್ಮ ವೃತ್ತಿಯವರ ಪಾಲು ಏನಿತ್ತೆಂಬುದನ್ನೂ ಹೇಳದೆ ಬಿಡಲಾರೆ. 1942ರ ಜನವರಿ 20ರಂದು ಬರ್ಲಿನ್ ಹೊರವಲಯದ ವಾನ್‌ಸೀಯ ಬಂಗಲೆಯಲ್ಲಿ 15 ಮಂದಿ ಸೇರಿ, ಯುರೋಪಿನ 1 ಕೋಟಿ 10 ಲಕ್ಷ ಯಹೂದಿಗಳ ದೇಶವಾರು ಪಟ್ಟಿಯನ್ನು ಮುಂದಿಟ್ಟುಕೊಂಡು, ಅವರನ್ನು ಮುಗಿಸುವ ಕೆಲಸವನ್ನು ಯಾವ ಇಲಾಖೆ ಹೇಗೆ ಹಂಚಿಕೊಳ್ಳಬೇಕೆಂದು ಒಂದೂವರೆ ಗಂಟೆ ಚರ್ಚಿಸಿದರು. ಅವರಲ್ಲಿ 8 ಜನ ಡಾಕ್ಟರೇಟ್ ಪಡೆದವರು. ಎರ್‌ಫುರ್ಟ್ ನಗರದ ಟಾಪ್ಫ್ ಅಂಡ್ ಸನ್ಸ್ ಎಂಬ ಕಂಪನಿ ಆಶ್‌ವಿಟ್ಸ್‌ಗೆ ಹೆಣ ಸುಡುವ ಕುಲುಮೆಗಳನ್ನು ಮಾಡಿಕೊಟ್ಟಿತು. ಅದರ ಒಟ್ಟು ವ್ಯವಹಾರದಲ್ಲಿ ಇದು ತೀರಾ ಚಿಕ್ಕ ಪಾಲು. ಬೇಡವೆಂದಿದ್ದರೆ ಕಂಪನಿ ಮುಳುಗುತ್ತಿರಲಿಲ್ಲ. ಆದರೂ ಕುರ್ಟ್ ಪ್ರ್ಯೂಫರ್ ಎಂಬ ಇಂಜಿನಿಯರ್ ಮತ್ತೆ ಮತ್ತೆ ಶಿಬಿರಕ್ಕೆ ಹೋಗಿ ಕೆಲಸ ಪರಿಶೀಲಿಸಿದ. ಫ್ರಿಟ್ಸ್ ಜಾಂಡರ್ ಎಂಬ ಮತ್ತೊಬ್ಬ, ನಿಲ್ಲದೆ ಹೆಣ ಸುಡುವ ಸುಧಾರಿತ ಕುಲುಮೆಯೊಂದಕ್ಕೆ 1942ರಲ್ಲಿ ಪೇಟೆಂಟ್ ಅರ್ಜಿ ಹಾಕಿದ. ಐ.ಜಿ. ಫಾರ್ಬೆನ್ ರಾಸಾಯನಿಕ ಕಂಪನಿ ಆಶ್‌ವಿಟ್ಸ್ ಪಕ್ಕದ ಮೊನೊವಿಟ್ಸ್‌ನಲ್ಲಿ ಕೃತಕ ರಬ್ಬರಿನ ಕಾರ್ಖಾನೆ ಕಟ್ಟಲು ಕೈದಿಗಳನ್ನು ದಿನಗೂಲಿ ಲೆಕ್ಕದಲ್ಲಿ ಬಾಡಿಗೆಗೆ ಪಡೆಯಿತು. ರೈಲಿನಿಂದ ಇಳಿದವರಲ್ಲಿ ದುಡಿಯಬಲ್ಲವರು ಯಾರು, ಕೂಡಲೇ ಸಾಯಬೇಕಾದವರು ಯಾರು ಎಂದು ಬೆರಳು ತೋರಿಸಿ ವಿಂಗಡಿಸಿದವರು ಎಂಬಿಬಿಎಸ್‌ಗೆ ಸಮನಾದ ಪದವಿ ಪಡೆದ ವೈದ್ಯರು. ಆಶ್‌ವಿಟ್ಸ್‌ನಲ್ಲಿ ಕೊಲೆಯಾದವರು ಸುಮಾರು 11 ಲಕ್ಷ, ಅವರಲ್ಲಿ ಸುಮಾರು 10 ಲಕ್ಷ ಯಹೂದಿಗಳು. ಯುರೋಪಿನಾದ್ಯಂತ ಸತ್ತ ಯಹೂದಿಗಳ ಒಟ್ಟು ಸಂಖ್ಯೆ ಸುಮಾರು 60 ಲಕ್ಷ. ಅವರೆಲ್ಲ ಶಿಬಿರಗಳಲ್ಲೇ ಸತ್ತವರಲ್ಲ: ಕೀವ್ ನಗರದ ಬಾಬಿ ಯಾರ್ ಕಣಿವೆಯಲ್ಲಿ 1941ರ ಸೆಪ್ಟೆಂಬರ್ 29 ಮತ್ತು 30ರಂದು, ಎರಡೇ ದಿನದಲ್ಲಿ, 33,771 ಮಂದಿಯನ್ನು ಗುಂಡಿಕ್ಕಿ ಕೊಂದು ಆ ಅಂಕಿಯನ್ನು ವರದಿಯಲ್ಲಿ ಬರ್ಲಿನ್ನಿಗೆ ಕಳಿಸಲಾಯಿತು.

ಇಷ್ಟೆಲ್ಲ ಆದ ಮೇಲೂ ಒಂದು ಆಕ್ಷೇಪ ಉಳಿಯಬಹುದು: ಹತ್ಯೆ ಯುದ್ಧದ ಉನ್ಮಾದ, ಶಾಂತಿಕಾಲದ ಹಿಟ್ಲರನನ್ನು ಬೇರೆಯಾಗಿ ನೋಡಬೇಕು. ಯುದ್ಧದ ಉನ್ಮಾದ ಎಂದಾದರೆ ಯುದ್ಧ ಗೆಲ್ಲುವುದು ಮೊದಲ ಗುರಿಯಾಗಿರಬೇಕಿತ್ತು. 1944ರ ಮೇ 15ರಿಂದ ಜುಲೈ 9ರ ನಡುವೆ, ಎಂಟು ವಾರಗಳಲ್ಲಿ, ಹಂಗೇರಿಯಿಂದ 4 ಲಕ್ಷ 30 ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ರೈಲಿನಲ್ಲಿ ಸಾಗಿಸಿದರು, ಬಹುಪಾಲು ಆಶ್‌ವಿಟ್ಸ್‌ಗೆ. ಅದೇ ವಾರಗಳಲ್ಲಿ ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದಿದ್ದವು, ಪೂರ್ವದಲ್ಲಿ ಕೆಂಪು ಸೇನೆ ಜರ್ಮನ್ ರಕ್ಷಣಾ ಸಾಲನ್ನೇ ಸೀಳಿಹಾಕಿತ್ತು. ಸೋಲು ಕಣ್ಣೆದುರಿಗಿದ್ದಾಗಲೂ ರೈಲು ಬೋಗಿಗಳನ್ನು ಈ ಕೆಲಸಕ್ಕೆ ಕೊಟ್ಟ ಸರ್ಕಾರಕ್ಕೆ ಯಾವುದು ಮುಖ್ಯ, ಯಾವುದು ಅಮುಖ್ಯವಾಗಿತ್ತೆಂದು ನೀವೇ ಅಳೆಯಿರಿ. ಶಾಂತಿಕಾಲದಲ್ಲೇ ಶುರುವಾದದ್ದು ಯುದ್ಧದಲ್ಲೂ ಹೇಗೆ ಮುಂದುವರಿಯಿತೆಂಬ ಚಿತ್ರ ಬೇಕಿದ್ದರೆ ವಿಕ್ಟರ್ ಕ್ಲೆಂಪರರ್ ಅವರ ದಿನಚರಿಗಳಿವೆ. ಡ್ರೆಸ್ಡೆನ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಸಾಹಿತ್ಯ ಕಲಿಸುತ್ತಿದ್ದ ಅವರು ಮೊದಲ ಮಹಾಯುದ್ಧದ ಸೈನಿಕ, ಪ್ರಾಟೆಸ್ಟಂಟ್ ಕ್ರೈಸ್ತ, ಕಾನೂನಿನ ಕಣ್ಣಿಗೆ ಮಾತ್ರ ಯಹೂದಿ. 1935ರಲ್ಲಿ ಕೆಲಸ ಹೋಯಿತು. ಆಮೇಲೆ ಗ್ರಂಥಾಲಯ ಪ್ರವೇಶ, ಕಾರು ಓಡಿಸುವ ಪರವಾನಗಿ, ಸ್ವಂತ ಮನೆಯ ವಾಸ, ಬೆರಳಚ್ಚು ಯಂತ್ರ ಒಂದೊಂದಾಗಿ ಹೋದವು. 1942ರಲ್ಲಿ ಯಹೂದಿಗಳು ಸಾಕುಪ್ರಾಣಿ ಇಟ್ಟುಕೊಳ್ಳಬಾರದೆಂದು ಆಜ್ಞೆಯಾದಾಗ ಅವರೂ ಅವರ ಹೆಂಡತಿ ಇವಾ ಅವರೂ ತಮ್ಮ ಬೆಕ್ಕನ್ನು ಪಶುವೈದ್ಯರ ಕೈಯಲ್ಲಿ ಕೊಲ್ಲಿಸಬೇಕಾಯಿತು. ಅಂಥ ಸಣ್ಣ ಆಜ್ಞೆಗಳು ನೂರಾರು. ಪ್ರತಿಯೊಂದಕ್ಕೂ ಕರಡು ಬರೆದ, ತಿದ್ದಿದ, ಜಾರಿ ಮಾಡಿದ ಸಿಬ್ಬಂದಿ ಇದ್ದರು; ಅವರಿಗೆ ಸಂಬಳ ಹೋಗುತ್ತಿತ್ತು.

‘ಬ್ರಿಟಿಷರ ವೈರಿಯಾಗಿದ್ದನಲ್ಲ, ಹಾಗಾಗಿ ನಮಗೆ ಹತ್ತಿರದವನು’ ಎಂಬ ಭಾವನೆಯೂ ನಮ್ಮಲ್ಲಿದೆ. ಸ್ವಾತಂತ್ರ್ಯ ಹೋರಾಟದ ನೆನಪಿನಿಂದ ಬಂದ ಭಾವನೆ ಅದು, ಅರ್ಥವಾಗುವಂಥದ್ದೇ. ಆದರೆ ಹಿಟ್ಲರನಿಗೆ ನಮ್ಮ ಬಗ್ಗೆ ಯಾವ ಅಭಿಪ್ರಾಯವಿತ್ತು? ಭಾರತ ಬೇರೆ ಯಾರ ಕೈಗೆ ಹೋಗುವುದಕ್ಕಿಂತಲೂ ಇಂಗ್ಲಿಷರ ಅಧೀನದಲ್ಲಿರುವುದೇ ತನಗಿಷ್ಟ ಎಂದು ಅವನು ‘ಮೈನ್ ಕಾಂಫ್’ನಲ್ಲೇ ಬರೆದಿದ್ದಾನೆ. 1937ರ ನವೆಂಬರ್‌ನಲ್ಲಿ ಭೇಟಿಗೆ ಬಂದ ಲಾರ್ಡ್ ಹ್ಯಾಲಿಫ್ಯಾಕ್ಸ್‌ಗೆ, ಗಾಂಧಿಯನ್ನು ಗುಂಡಿಕ್ಕಿ ಕೊಲ್ಲಿ, ಸಾಲದಿದ್ದರೆ ಕಾಂಗ್ರೆಸ್ ನಾಯಕರನ್ನೂ ಕೊಲ್ಲಿ ಎಂದು ಸಲಹೆ ಕೊಟ್ಟ. 1942ರ ಮೇ ತಿಂಗಳಲ್ಲಿ ಸುಭಾಷ್‌ಚಂದ್ರ ಬೋಸರು ಅವನನ್ನು ಭೇಟಿಯಾದಾಗ ಆ ಪುಸ್ತಕದಲ್ಲಿ ಭಾರತೀಯರ ಕುರಿತು ಇರುವ ಮಾತುಗಳನ್ನು ನೇರವಾಗಿ ಎತ್ತಿದರು, ಅವನು ಜಾರಿಕೊಂಡ. ಬ್ರಿಟಿಷರೂ ಪಾಪಮುಕ್ತರಲ್ಲ: 1943ರ ಬಂಗಾಳದ ಕ್ಷಾಮ ಚರ್ಚಿಲ್ ಸರ್ಕಾರದ ಕೊರಳಿಗೆ ಬಿದ್ದ ಪಾಪ, ಅದರ ಲೆಕ್ಕ ಇನ್ನೂ ತೀರಿಲ್ಲ. ಹಸಿದು ಸತ್ತ ಬಂಗಾಳಿಗಳ ಹೆಸರಿನಲ್ಲಿ ಟ್ರೆಬ್ಲಿಂಕಾದ ನಾಜಿ ಹತ್ಯಾ ಶಿಬಿರದಲ್ಲಿ ಸತ್ತವರನ್ನು ಮರೆಯುವುದು ಇಬ್ಬರಿಗೂ ಮಾಡುವ ಅನ್ಯಾಯ.

ಕೊನೆಯದಾಗಿ, ‘ನಮಗೆ ಬೇಕಿರುವುದು ಕಟ್ಟುನಿಟ್ಟಿನ ನಾಯಕ ಮಾತ್ರ, ಮಿತಿ ಮೀರಿದರೆ ತಡೆಯುತ್ತೇವೆ’ ಎನ್ನುವವರಿಗೆ. ತಡೆಯುವ ಸಾಧನಗಳು ಜರ್ಮನಿಯಲ್ಲೂ ಇದ್ದವು. 1932ರ ನವೆಂಬರ್ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಬಂದದ್ದು ಶೇಕಡಾ 33ರಷ್ಟು ಮತ, ಹಿಂದಿನ ಚುನಾವಣೆಗಿಂತ ಕಡಿಮೆ. ಅಧಿಕಾರ ಹಿಡಿದು, ಬೀದಿಯಲ್ಲಿ ಬೆದರಿಕೆ ಹಾಕುತ್ತಾ ನಡೆಸಿದ 1933ರ ಮಾರ್ಚ್ ಚುನಾವಣೆಯಲ್ಲೂ ಶೇಕಡಾ 44 ಮುಟ್ಟಲಿಲ್ಲ. ಆದರೆ ಅಷ್ಟರೊಳಗೆ, ಫೆಬ್ರವರಿ 28ರ ಆದೇಶ ಪತ್ರಿಕಾ ಸ್ವಾತಂತ್ರ್ಯವನ್ನೂ ಸಭೆ ಸೇರುವ ಹಕ್ಕನ್ನೂ ತೆಗೆದುಹಾಕಿತ್ತು. ಮಾರ್ಚ್ 23ರಂದು ಸಂಸತ್ತು ತನ್ನ ಅಧಿಕಾರವನ್ನು ತಾನೇ ಬಿಟ್ಟುಕೊಟ್ಟಿತು. ಅದಕ್ಕೆ ಒಂದು ದಿನ ಮೊದಲು ದಹಾವ್ ಶಿಬಿರ ತೆರೆದಿತ್ತು; ಅದರ ಮೊದಲ ಕೈದಿಗಳು ರಾಜಕೀಯ ವಿರೋಧಿಗಳು. ಮರುವರ್ಷ ಜೂನ್ 30ರಂದು ಹಿಟ್ಲರ್ ತನ್ನ ಪಕ್ಷದವರನ್ನೇ ವಿಚಾರಣೆಯಿಲ್ಲದೆ ಕೊಲ್ಲಿಸಿದ. 1941ರ ಆಗಸ್ಟ್ ವೇಳೆಗೆ ಸುಮಾರು 70 ಸಾವಿರ ಅಂಗವಿಕಲ ಮತ್ತು ಮಾನಸಿಕ ಅಸ್ವಸ್ಥ ಜರ್ಮನ್ನರನ್ನು ಆಸ್ಪತ್ರೆಗಳಿಂದ ಸಾಗಿಸಿ ವಿಷಾನಿಲದಿಂದ ಕೊಲ್ಲಲಾಗಿತ್ತು. ತಡೆಯಬೇಕಾಗಿದ್ದವರು ತಡೆಯುವ ಸ್ಥಿತಿಯಲ್ಲಿ ಉಳಿದಿರಲಿಲ್ಲ.

ನಿಮ್ಮ ಸಿಟ್ಟಿಗೆ ಕಾರಣಗಳಿವೆ, ಅವು ಸುಳ್ಳಲ್ಲ. ಕೆಟ್ಟ ರಸ್ತೆಗೆ ಮಾಹಿತಿ ಹಕ್ಕಿನ ಅರ್ಜಿ ಇದೆ, ಲಂಚಕೋರ ಅಧಿಕಾರಿಗೆ ಲೋಕಾಯುಕ್ತವಿದೆ, ಅನ್ಯಾಯದ ಆದೇಶಕ್ಕೆ ಹೈಕೋರ್ಟ್ ಇದೆ, ಪಕ್ಷ ಬದಲಿಸಿದವನಿಗೆ ಮುಂದಿನ ಚುನಾವಣೆ ಇದೆ. ಇವು ನಿಧಾನ, ಎಷ್ಟೋ ಸಲ ಸೋಲುತ್ತವೆ. ಇವನ್ನು ಚುರುಕುಗೊಳಿಸಲು ಬೀದಿಗಿಳಿಯಿರಿ, ಬರೆಯಿರಿ, ದಾವೆ ಹೂಡಿ. ಇಂಥ ಒಂದೊಂದು ಬಾಗಿಲನ್ನೂ ಹಿಟ್ಲರ್ ಬಂದ ಮೊದಲ ವರ್ಷದಲ್ಲೇ ಮುಚ್ಚಿದ. ‘ಮೈನ್ ಕಾಂಫ್’ ಕೊಂಡಿದ್ದರೆ ಓದಿ, ಬೇಡವೆನ್ನುವುದಿಲ್ಲ. ಆದರೆ ಅದನ್ನು ವ್ಯಕ್ತಿತ್ವ ವಿಕಸನದ ಸಾಲಿನಿಂದ ತೆಗೆದು ಕ್ಲೆಂಪರರ್ ದಿನಚರಿಯ ಪಕ್ಕದಲ್ಲಿಡಿ, ಎರಡನ್ನೂ ಓದಿ ಮುಗಿಸಿ. ನಿಮ್ಮ ಕಾಲೇಜಿನ ಚರ್ಚಾ ಸ್ಪರ್ಧೆಯಲ್ಲೋ ಹಾಸ್ಟೆಲಿನ ಹರಟೆಯಲ್ಲೋ ಯಾರಾದರೂ ‘ಒಬ್ಬ ಹಿಟ್ಲರ್ ಬೇಕು’ ಎಂದರೆ ಸುಮ್ಮನೆ ನಕ್ಕು ಬಿಡಬೇಡಿ. 1933ರ ಏಪ್ರಿಲ್ 7ರ ಕಾನೂನಿನಿಂದ ಶುರುಮಾಡಿ, ಗೋರಿಂಗ್‌ನ ನೂರು ಕೋಟಿಯ ಲೆಕ್ಕವನ್ನು ಹೇಳಿ, ಬೆಂಗಳೂರಿಗೆ ಬಂದಿದ್ದ ಮ್ಯಾಕ್ಸ್ ಬಾರ್ನ್ ಯಾಕೆ ಬರಬೇಕಾಯಿತೆಂದು ಕೇಳಿ.

ಇಂತಿ,
ನಿಮ್ಮ ಹಿತೈಷಿ